ಆರು–ಒಂದರ ಸಂಜೆ: ಗೆದ್ದ ಮೈದಾನವನ್ನು ಖಾಲಿ ಮಾಡಿಸಿದ ಒಂದು ಪ್ರಕರಣ

ಫುಟ್‌ಬಾಲ್ ಆಟ ಮುಗಿದ ಒಂದು ತಾಸಿನ ಮೇಲೆ ಸ್ವಯಂಸೇವಕರು ಮೊಬೈಲ್ ಬೆಳಕಿನಲ್ಲಿ ಮೈದಾನದ ಚಪ್ಪಲಿ ಆರಿಸಿದರು. ಒಟ್ಟು 67 ಸಿಕ್ಕವು. ಪೂರ್ವದ ಗೇಟಿನ ಮುಂದೆ 41, ಉತ್ತರದ ಗೋಲಿನ ಸುತ್ತ 17, ಮುಖ್ಯ ಗೇಟಿನ ಬಳಿ 9. ಹೆಚ್ಚಿನವು ಒಂಟಿ ಕಾಲಿನವು. ಜನಜಂಗುಳಿ ನಿಭಾಯಿಸಿ ಅನುಭವ ಇರುವವರಿಗೆ ಈ ಎಣಿಕೆಯೇ ಒಂದು ನಕ್ಷೆ. ಜನ ತಾವಾಗಿ ನಡೆದುಹೋದ ಜಾಗದಲ್ಲಿ ಚಪ್ಪಲಿ ಬೀಳುವುದಿಲ್ಲ. ಬಿದ್ದರೂ ಬಗ್ಗಿ ಎತ್ತಿಕೊಳ್ಳಲು ಜಾಗ ಇರುತ್ತದೆ. ಬಗ್ಗಲು ಆಗದಷ್ಟು ಒತ್ತಡ ಇದ್ದಲ್ಲಿ ಮಾತ್ರ ಅದು ಅಲ್ಲೇ ಉಳಿಯುತ್ತದೆ. ಪೂರ್ವದ ಗೇಟಿನ ಮುಂದೆ ಆ ಸಂಜೆ ಏನಾಯಿತು, ಯಾಕಾಯಿತು, ಅನಾಹುತ ಹೇಗೆ ತಪ್ಪಿತು ಎನ್ನುವುದೇ ಈ ಬರಹ.

ನಡೆದದ್ದು ಕಲಬುರಗಿಯ ಹಳೆಯ ಬಡಾವಣೆಯೊಂದರ ಶಾಲಾ ಮೈದಾನದಲ್ಲಿ, ಫೆಬ್ರುವರಿಯ ಕೊನೆಯ ವಾರ. ತಂಡ, ಶಾಲೆ, ಸಂಘಟಕರು, ಗಾಯಗೊಂಡ ಹುಡುಗ ಯಾರೆಂದು ಗುರುತು ಸಿಗದಂತೆ ಕೆಲವು ವಿವರ ಬದಲಿಸಲಾಗಿದೆ. ಆತಿಥೇಯರನ್ನು ಊರ ತಂಡ, ಪಕ್ಕದ ಜಿಲ್ಲೆಯಿಂದ ಬಂದವರನ್ನು ಹೊರಗಿನ ತಂಡ ಎಂದಷ್ಟೇ ಕರೆಯಲಾಗಿದೆ.

ಹಿನ್ನೆಲೆ

ಲೀಗ್‌ನ ಕೊನೆಯ ಪಂದ್ಯ. ಹೊರಗಿನ ತಂಡಕ್ಕೆ 13 ಅಂಕ, ಊರ ತಂಡಕ್ಕೆ 10. ಗೋಲು ವ್ಯತ್ಯಾಸ, ಅಂದರೆ ಹೊಡೆದ ಗೋಲಿನಲ್ಲಿ ತಿಂದದ್ದನ್ನು ಕಳೆದು ಉಳಿದದ್ದು, ಅವರದು ಏಳು, ಇವರದು ಎರಡು. ಗೆದ್ದರೆ ಅಂಕ ಸಮ, ಆಮೇಲೆ ತೀರ್ಮಾನ ಗೋಲು ವ್ಯತ್ಯಾಸದ್ದು. ಪ್ರತಿ ಗೋಲಿಗೂ ಇವರದು ಒಂದು ಏರಿ ಅವರದು ಒಂದು ಇಳಿಯುತ್ತದೆ, ಅಂದರೆ ಅಂತರ ಎರಡೆರಡಾಗಿ ಕರಗುತ್ತದೆ. ಐದರ ಅಂತರ ದಾಟಲು ಮೂರು ಗೋಲುಗಳ ಗೆಲುವು ಬೇಕು. ಈ ಲೆಕ್ಕ ಬಡಾವಣೆಯ ಪ್ರತಿಯೊಬ್ಬ ಹುಡುಗನಿಗೂ, ಭಜಿ ಬಂಡಿಯವನಿಗೂ ಬಾಯಿಪಾಠವಾಗಿತ್ತು. ಸಂಘಟಕರಿಗೂ ಗೊತ್ತಿತ್ತು, ಆದರೆ ಅದನ್ನು ಭದ್ರತೆಯ ಯೋಜನೆಯೊಳಗೆ ತರಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮೊದಲ ತಪ್ಪು ಅಲ್ಲಿಯದು.

ಮೈದಾನದ ಅಂಗಳ 100 ಮೀಟರ್ ಉದ್ದ, 60 ಮೀಟರ್ ಅಗಲ. ಪಶ್ಚಿಮಕ್ಕೆ ಮೂರು ಮೆಟ್ಟಿಲ ಕಟ್ಟೆ. ದಕ್ಷಿಣಕ್ಕೆ ಶಾಲಾ ಕಟ್ಟಡ. ಪೂರ್ವಕ್ಕೆ ಆರಡಿ ಎತ್ತರದ ತಂತಿಜಾಲರಿ, ಅದರ ಆಚೆ ದೊಡ್ಡ ಖುಲ್ಲಾ ಜಾಗ. ಉತ್ತರದ ಗೋಲಿನ ಹಿಂದೆ ಐದು ಮೀಟರ್ ಬಿಟ್ಟು ಸೊಂಟದೆತ್ತರದ ಪೈಪಿನ ಕಟಾಂಜನ. ಹಲಗಿ ಎಂಬ ಚರ್ಮವಾದ್ಯ ಬಾರಿಸುವ ಹುಡುಗರ ಠಿಕಾಣಿ ಅದು: ಏಳು ಹಲಗಿ, ಒಂದು ತಾಶಾ.

ಹೊರಗೆ ಹೋಗಲು ದಾರಿ ಎರಡು. ನೈಋತ್ಯ ಮೂಲೆಯಲ್ಲಿ ಹನ್ನೆರಡು ಅಡಿಯ ಮುಖ್ಯ ಗೇಟು, ಪೂರ್ವದ ಜಾಲರಿಯಲ್ಲಿ ಹತ್ತಡಿಯದು. ಪೂರ್ವದ್ದು ಆಡು, ದನ ನುಗ್ಗುತ್ತವೆಂದು ವರ್ಷವಿಡೀ ಕೀಲಿ ಹಾಕಿರುವಂಥದ್ದು. ಮುಖ್ಯ ಗೇಟಿನ ಒಂದು ಬಾಗಿಲಿಗೆ ಚಿಲಕ ಹಾಕಿ, ಅದಕ್ಕೆ ಒತ್ತಿ ಮಿರ್ಚಿಭಜಿ ಬಂಡಿ, ಅದರ ಪಕ್ಕ ಬೈಕುಗಳ ಸಾಲು. ಟೇಪು ಹಿಡಿದು ಅಳೆದಾಗ ನಡೆಯಲು ಸಿಗುತ್ತಿದ್ದುದು ಐದೇ ಅಡಿ.

ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿ ಸಮತಟ್ಟು ನೆಲದಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ ಎಂದು ಲೆಕ್ಕ ಹಿಡಿಯುತ್ತದೆ, ಮೆಟ್ಟಿಲಾದರೆ 66. ಐದಡಿ ಅಂದರೆ ಒಂದೂವರೆ ಮೀಟರ್. ನಿಮಿಷಕ್ಕೆ ಸುಮಾರು 120 ಜನ. ಅಂದು ಬಂದಿದ್ದವರು ಸುಮಾರು 2,400. ಎಲ್ಲರೂ ಶಿಸ್ತಾಗಿ ನಡೆದರೂ ಇಪ್ಪತ್ತು ನಿಮಿಷ. ಬಂಡಿ, ಬೈಕು ಸರಿಸಿ ಎರಡೂ ಬಾಗಿಲು ತೆರೆದಿದ್ದರೆ ಅದೇ ಗೇಟಿನಲ್ಲಿ ಎಂಟು ನಿಮಿಷಕ್ಕೆ ಮುಗಿಯುತ್ತಿತ್ತು. ಈ ಲೆಕ್ಕಕ್ಕೆ ಎಂಜಿನಿಯರ್ ಬೇಕಿಲ್ಲ. ಒಂದು ಟೇಪು, ಒಂದು ಗುಣಾಕಾರ ಸಾಕು.

ಸಂಘಟಕರು ಉಡಾಫೆಯವರೇನಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆರ್‌ಸಿಬಿ ವಿಜಯೋತ್ಸವಕ್ಕೆ ಬಂದ 11 ಜನ ಕಾಲ್ತುಳಿತದಲ್ಲಿ ಸತ್ತದ್ದು ಪ್ರತಿ ಸಭೆಯಲ್ಲೂ ಮಾತಿಗೆ ಬಂದಿತ್ತು. 24 ಸ್ವಯಂಸೇವಕರನ್ನು ನೇಮಿಸಿದ್ದರು, ಠಾಣೆಗೆ ಅರ್ಜಿ ಕೊಟ್ಟು ಆರು ಪೊಲೀಸರನ್ನು ಕರೆಸಿಕೊಂಡಿದ್ದರು. ಆದರೆ ಸಭೆಯ ನಡಾವಳಿ ತೆಗೆದು ನೋಡಿದರೆ ಹತ್ತು ಅಂಶಗಳಲ್ಲಿ ಎಂಟು ಜಗಳದ ಕುರಿತೇ: ಕಲ್ಲು ಬಿದ್ದರೆ, ರೆಫರಿಗೆ ಬೈದರೆ, ಹೊರಗಿನವರ ಜೊತೆ ಕೈಕೈ ಮಿಲಾಯಿಸಿದರೆ. ಸೋತರೆ ಏನು ಮಾಡಬೇಕು ಎನ್ನುವುದಕ್ಕೆ ಉತ್ತರ ಬರೆದಿಟ್ಟಿದ್ದರು. ದೊಡ್ಡದಾಗಿ ಗೆದ್ದರೆ ಎನ್ನುವುದಕ್ಕೆ ಇದ್ದದ್ದು ಒಂದೇ ಸಾಲು: ‘85ನೇ ನಿಮಿಷಕ್ಕೆ ಸ್ವಯಂಸೇವಕರೆಲ್ಲ ಹಗ್ಗದ ಬಳಿ ನಿಲ್ಲುವುದು.’

ಕೊನೆಯದಾಗಿ ಒಂದು ಚಿಲ್ಲರೆ ಸಂಗತಿ, ಆಮೇಲೆ ಚಿಲ್ಲರೆಯಾಗಿ ಉಳಿಯಲಿಲ್ಲ. ಆಟ ನಾಲ್ಕಕ್ಕೆ ಶುರುವಾಗಬೇಕಿತ್ತು. ಹನ್ನೊಂದು ಅತಿಥಿಗಳಿಗೆ ಶಾಲು, ಹಾರ, ತಲಾ ಎರಡು ಮಾತು ಅಂತ 4:20 ಆಯಿತು. ಮೈದಾನಕ್ಕೆ ದೀಪವಿಲ್ಲ. ಆ ಹೊತ್ತಿಗೆ ನಮ್ಮ ಕಡೆ ಹೊತ್ತು ಮುಳುಗುವುದು ಆರೂವರೆಯ ಆಸುಪಾಸು. ಸನ್ಮಾನ ತಿಂದದ್ದು ಕೊನೆಯ ಇಪ್ಪತ್ತು ನಿಮಿಷದ ಬೆಳಕನ್ನು.

74ನೇ ನಿಮಿಷ

18ನೇ ನಿಮಿಷಕ್ಕೆ 1–0, 31ಕ್ಕೆ 1–1, ವಿರಾಮಕ್ಕೆ ಮುಂಚೆ 2–1, 58ಕ್ಕೆ 3–1. ಇಲ್ಲಿಯ ತನಕ ಎಲ್ಲ ಸುಸೂತ್ರ. 74ನೇ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ತಲೆ ಕೊಟ್ಟು 4–1 ಮಾಡಿದ ಆಟಗಾರ ನೆಟ್ಟಗೆ ಉತ್ತರದ ಕಟಾಂಜನಕ್ಕೆ ಓಡಿ ಅದರ ಮೇಲೆ ಹತ್ತಿ ನಿಂತ. ಫುಟ್‌ಬಾಲ್ ನಿಯಮಾವಳಿಯ ನಿಯಮ 12ರ ಪ್ರಕಾರ ಬೇಲಿ ಹತ್ತುವುದು, ಸುರಕ್ಷತೆಗೆ ಧಕ್ಕೆಯಾಗುವ ಹಾಗೆ ಪ್ರೇಕ್ಷಕರ ಬಳಿ ಹೋಗುವುದು ಹಳದಿ ಕಾರ್ಡಿನ ತಪ್ಪು. ರೆಫರಿ ಕಾರ್ಡು ತೋರಿಸಿದರು. ಆದರೆ ಕೆಲಸ ಕೆಟ್ಟಾಗಿತ್ತು. ಮುನ್ನೂರರಷ್ಟು ಜನ ಕಟಾಂಜನ ದಾಟಿ ಗೋಲ್ ಲೈನಿನ ತನಕ ಬಂದು ಕೂತರು. ಸಣ್ಣ ಹುಡುಗರು ಬಲೆಯೊಳಗೆ ಕೈ ಹಾಕಿ ಗೋಲ್‌ಕೀಪರನ ಅಂಗಿ ಜಗ್ಗತೊಡಗಿದರು.

ಗಡಿಯಾರದ ಪ್ರಕಾರ ಇನ್ನೂ 16 ನಿಮಿಷ ಇದ್ದವು. ಜನರ ಪ್ರಕಾರ ಆಟ ಮುಗಿದಿತ್ತು, ಯಾಕೆಂದರೆ ಬೇಕಿದ್ದ ಮೂರು ಗೋಲಿನ ಅಂತರ ಬಂದಿತ್ತು. ಸ್ವಯಂಸೇವಕರಲ್ಲಿ ಅರ್ಧ ಜನ ಕಟ್ಟೆಯ ಕಡೆ ನೀರಿನ ಪಾಕೀಟು ಹಂಚುತ್ತಿದ್ದರು. 85ಕ್ಕೆ ಬಂದರಾಯಿತು ಎಂದಲ್ಲವೇ ಹೇಳಿದ್ದು? ತವರಿನ ಪಂದ್ಯಕ್ಕೆ ಯೋಜನೆ ಹಾಕುವವರು ಕಾಳಜಿಯಿಂದ ನೋಡಬೇಕಾದ ಜಾಗ ಇದು. ನಿರ್ಣಾಯಕ ಗೋಲು ಯಾವುದೆಂದು ಆಟಕ್ಕೆ ಮುಂಚೆಯೇ ಗೊತ್ತಿರುತ್ತದೆ, ಅದು ಬೀಳುವ ನಿಮಿಷ ಮಾತ್ರ ಗೊತ್ತಿರುವುದಿಲ್ಲ. ಸ್ವಯಂಸೇವಕರು ಜಾಗ ಹಿಡಿಯಬೇಕಾದದ್ದು ಅದರ ಹಿಂದಿನ ಗೋಲಿಗೆ, ಅಂದರೆ ಇಲ್ಲಿ 3–1 ಆದ ಕೂಡಲೇ.

2017ರ ಮಾರ್ಚ್ 8ರಂದು ಬಾರ್ಸಿಲೋನಾ ಪ್ಯಾರಿಸ್ ಸೇಂಟ್ ಜರ್ಮೈನ್ ತಂಡವನ್ನು ತವರಿನಲ್ಲಿ 6–1ರಿಂದ ಬಡಿದು, ಮೊದಲ ಪಂದ್ಯದ 0–4ರ ಸೋಲನ್ನು ಅಳಿಸಿಹಾಕಿದಾಗ, ಕೊನೆಯ ಗೋಲಿಗೆ ಜನ ಕುಣಿದ ಕಂಪನ ಕ್ರೀಡಾಂಗಣದಿಂದ ಅರ್ಧ ಕಿಲೋಮೀಟರ್ ದೂರದ ಭೂಕಂಪ ಮಾಪಕದಲ್ಲಿ ದಾಖಲಾಗಿತ್ತು. ಆ ವಿಡಿಯೊ ನೋಡಿ ಬೆಳೆದ ಹುಡುಗರು ಇವರು. ಇಂಥವರಿಗೆ ‘ಶಾಂತವಾಗಿ ಕೂಡ್ರಿ’ ಅಂದರೆ ಎಷ್ಟು ಕೇಳುತ್ತದೋ ಅಷ್ಟೇ ಕೇಳಿತು.

ಮೈಕು ಮತ್ತು ಹಲಗಿ

76ನೇ ನಿಮಿಷಕ್ಕೆ ರೆಫರಿ ಆಟ ನಿಲ್ಲಿಸಿದರು. ಆಟಕ್ಕೆ ಸಂಬಂಧವಿಲ್ಲದವರ ಹಸ್ತಕ್ಷೇಪವಾದರೆ ಆಟ ನಿಲ್ಲಿಸುವ, ತಡೆಹಿಡಿಯುವ, ರದ್ದು ಮಾಡುವ ಅಧಿಕಾರವನ್ನು ನಿಯಮ 5 ಅವರಿಗೆ ಕೊಟ್ಟಿದೆ. ರದ್ದಾಗಿದ್ದರೆ ತೀರ್ಮಾನ ಲೀಗ್ ಸಮಿತಿಯ ಕೈಗೆ ಹೋಗಿ, 4–1ರ ಗೆಲುವು ಕಾಗದದ ಮೇಲೆ ಸೋಲಾಗುವ ಭಯವಿತ್ತು.

ಮೊದಲ ಪ್ರಯತ್ನ ಮೈಕಿನದು. ‘ದಯವಿಟ್ಟು ಹಿಂದೆ ಸರಿಯಿರಿ’ ಎಂದು ನಿರೂಪಕ ಕೂಗಿದ್ದೇ ಕೂಗಿದ್ದು. ಒಬ್ಬರೂ ಅಲ್ಲಾಡಲಿಲ್ಲ. ಕಾರಣ ಜನರ ಹಟವೊಂದೇ ಅಲ್ಲ. ಅದೇ ಮೈಕು ಮಧ್ಯಾಹ್ನದಿಂದ ಸೀರೆ ಅಂಗಡಿಯ ಜಾಹೀರಾತು ಓದಿತ್ತು, ಅತಿಥಿಗಳ ಬಿರುದಾವಳಿ ಹೇಳಿತ್ತು, ಪ್ರತಿ ಗೋಲಿಗೂ ಗಂಟಲು ಹರಿದುಕೊಂಡಿತ್ತು. ಅದರ ಮಾತಿಗೆ ಕಿವಿ ಕೊಡದಿರುವುದನ್ನು ಜನ ಮೂರು ತಾಸಿನಿಂದ ಅಭ್ಯಾಸ ಮಾಡಿಕೊಂಡಿದ್ದರು. ಮೇಲಾಗಿ ಎರಡೂ ಹಾರ್ನುಗಳು ಅತಿಥಿಗಳಿದ್ದ ಕಟ್ಟೆಯ ಕಡೆ ಮುಖ ಮಾಡಿದ್ದವು. ಉತ್ತರದ ಗೋಲಿಗೆ ತಲುಪುತ್ತಿದ್ದುದು ಬರೀ ಗೊರಗೊರ.

ಎರಡನೆಯ ಪ್ರಯತ್ನ ಹಗ್ಗದ್ದು. ಸ್ವಯಂಸೇವಕರು ನೈಲಾನ್ ಹಗ್ಗ ಹಿಡಿದು ಜನರನ್ನು ಹಿಂದಕ್ಕೆ ನೂಕಲು ಹೋದರು. ಹಗ್ಗ ಮೊಣಕಾಲಿನ ಮಟ್ಟಕ್ಕೆ ಇಳಿದು ಇಬ್ಬರು ಮುಗ್ಗರಿಸಿದರು. ಹಗ್ಗ ಇರುವುದು ಗೆರೆ ತೋರಿಸಲಿಕ್ಕೆ, ಜನರನ್ನು ತಳ್ಳಲಿಕ್ಕೆ ಅಲ್ಲ. ಬಿಗಿಯಾಗಿ ಹಿಡಿದರೆ ಕೈ ಸುಡುತ್ತದೆ, ಸಡಿಲ ಬಿಟ್ಟರೆ ಕಾಲಿಗೆ ಬಲೆಯಾಗುತ್ತದೆ.

ಮೂರನೆಯದನ್ನು ಮಾಡಿದವನು ಊರ ತಂಡದ ನಾಯಕ. ಅವನು ಜನರ ಬಳಿ ಹೋಗಲೇ ಇಲ್ಲ, ಹಲಗಿಯವರ ಬಳಿ ಹೋದ. ಮುಂದಾಳಿನ ಹಲಗಿಯ ಮೇಲೆ ಅಂಗೈ ಇಟ್ಟ. ನಾದ ನಿಂತಿತು. ಒಂದೊಂದಾಗಿ ಉಳಿದ ಆರೂ ನಿಂತವು. ಎರಡು ತಾಸಿನಿಂದ ಬಿಡದೆ ಕೇಳುತ್ತಿದ್ದ ಸದ್ದು ನಿಂತರೆ ಯಾರಾದರೂ ತಿರುಗಿ ನೋಡಲೇಬೇಕು. ಆ ನಿಶ್ಶಬ್ದದಲ್ಲಿ ಅವನ ಬರಿಗಂಟಲೇ ಮೂವತ್ತು ಮೀಟರ್ ಮುಟ್ಟಿತು: “ಹುಡುಗ್ರ್ಯಾ, ಮ್ಯಾಚ್ ರದ್ದಾಗ್ತದ. ಕಟಾಂಜನದ ಆಚಿ ಸರೀರಿ, ಅಲ್ಲಿ ಕುಣೀರಿ.” ಆಮೇಲೆ ಹಲಗಿಯವರನ್ನು ಹತ್ತು ಹೆಜ್ಜೆ ಹಿಂದಕ್ಕೆ ನಡೆಸಿಕೊಂಡು ಹೋಗಿ ಮತ್ತೆ ಶುರು ಮಾಡಿಸಿದ. ಜನ ಹಲಗಿಯ ಹಿಂದೆ ತಾವೇ ಹೋದರು. ಏಳು ನಿಮಿಷದ ತರುವಾಯ ಆಟ ಮುಂದುವರಿಯಿತು.

ಯುರೋಪಿನ ಅಭಿಮಾನಿ ಗುಂಪುಗಳಲ್ಲಿ ಆಟಕ್ಕೆ ಬೆನ್ನು ತಿರುಗಿಸಿ ನಿಂತು ಗುಂಪನ್ನು ಹಾಡಿಸುವವನಿಗೆ ಕಾಪೋ ಎನ್ನುತ್ತಾರೆ. ಬೆಂಗಳೂರು ಎಫ್‌ಸಿಯ ವೆಸ್ಟ್ ಬ್ಲಾಕ್ ಬ್ಲೂಸ್ ಕಂಠೀರವ ಕ್ರೀಡಾಂಗಣದಲ್ಲಿ ಕೂಗುವುದನ್ನು ಕಂಡವರಿಗೆ ಡೋಲಿನ ಗುಂಪಿನ ಹಿಡಿತ ಎಂಥದೆಂದು ಗೊತ್ತಿರುತ್ತದೆ. ನಮ್ಮ ಕಡೆ ಕಾಪೋ ಅನ್ನುವ ಹೆಸರಿಲ್ಲ, ಆದರೆ ಹಲಗಿಯ ಮುಂದಾಳು ಮಾಡುವುದು ಅದೇ ಕೆಲಸ. ಮೆರವಣಿಗೆಯಲ್ಲಿ ಜನರನ್ನು ನಡೆಸುವುದು, ನಿಲ್ಲಿಸುವುದು, ತಿರುಗಿಸುವುದು ಎಲ್ಲ ಹಲಗಿಯೇ. ಸಂಘಟಕರು ಪೆಂಡಾಲಿಗೆ, ಶಾಲಿಗೆ, ಮೈಕಿಗೆ ದುಡ್ಡು ಕೊಟ್ಟಿದ್ದರು. ಮೈದಾನದಲ್ಲಿ ಜನ ನಿಜವಾಗಿ ಮಾತು ಕೇಳುತ್ತಿದ್ದ ಏಳು ಜನರ ಜೊತೆ ಆ ತನಕ ಒಂದು ಮಾತನ್ನೂ ಆಡಿರಲಿಲ್ಲ.

ಪೂರ್ವದ ಗೇಟು

81ಕ್ಕೆ ಐದನೆಯದು, 88ಕ್ಕೆ ಆರನೆಯದು. ರೆಫರಿ ಒಂಬತ್ತು ನಿಮಿಷ ಹೆಚ್ಚುವರಿ ಕೊಟ್ಟರು. ಕೊನೆಯ ಸೀಟಿ ಬಿದ್ದದ್ದು 6:16ಕ್ಕೆ, ಮಬ್ಬುಗತ್ತಲಿನ ಅಂಚಿನಲ್ಲಿ.

ಮುಖ್ಯ ಸಂಘಟಕನ ತಲೆಯಲ್ಲಿ 76ನೇ ನಿಮಿಷದ ಪಾಠ ಹಸಿಯಾಗಿತ್ತು. ಹಲಗಿಯನ್ನು ಪೂರ್ವದ ಗೇಟಿನಿಂದ ಖುಲ್ಲಾ ಜಾಗಕ್ಕೆ ಕಳಿಸಿದರೆ ಕುಣಿಯುವವರೆಲ್ಲ ಹಿಂದೆ ಹೋಗುತ್ತಾರೆ, ಮುಖ್ಯ ಗೇಟು ಮನೆಗೆ ಹೋಗುವವರಿಗೆ ಉಳಿಯುತ್ತದೆ ಎಂದು ಲೆಕ್ಕ ಹಾಕಿದ. ಲೆಕ್ಕ ಸರಿಯೇ. ಹತ್ತಡಿ ಗೇಟಿನಲ್ಲಿ ನಿಮಿಷಕ್ಕೆ 240ಕ್ಕೂ ಹೆಚ್ಚು ಜನ ದಾಟಬಹುದು. ಎರಡೂ ಸೇರಿದರೆ ಏಳು ನಿಮಿಷದೊಳಗೆ ಮೈದಾನ ಖಾಲಿ. ಕೈ ಬೀಸಿ ಹೇಳಿದ. ಹಲಗಿ ಹೊರಟಿತು, ಹಿಂದೆ ಎಂಟುನೂರು, ಒಂಬೈನೂರು ಜನ.

ಗೇಟಿಗೆ ಕೀಲಿ ಇತ್ತು. ಕೀಲಿಕೈ ಶಾಲೆಯ ಜವಾನನ ಸೊಂಟದಲ್ಲಿತ್ತು. ಜವಾನನೂ ಊರ ತಂಡದ ಅಭಿಮಾನಿಯೇ. ಆ ಹೊತ್ತಿಗೆ ಉತ್ತರದ ಗೋಲಿನ ಬಳಿ ಗುಲಾಲಿನಲ್ಲಿ ಮಿಂದು ಕುಣಿಯುತ್ತಿದ್ದ. ಫೋನು ರಿಂಗಾಗುತ್ತಲೇ ಇತ್ತು.

ಮುಂದಿನದು ಸಾವಕಾಶ ಹೇಳಬೇಕಾದದ್ದು. ಮುಚ್ಚಿದ ಗೇಟಿನ ಮುಂದೆ ಮೊದಲ ಸಾಲು ನಿಂತಿತು. ಹಲಗಿಯವರು ಇದ್ದದ್ದು ಆ ಸಾಲಿನಲ್ಲೇ. ಗೇಟು ಈಗ ತೆಗೆಯುತ್ತಾರೆ ಎಂದುಕೊಂಡು ಅವರು ಬಾರಿಸುವುದು ನಿಲ್ಲಿಸಲಿಲ್ಲ. ನಲವತ್ತು ಮೀಟರ್ ಹಿಂದಿದ್ದವರಿಗೆ ಗೇಟು ಕಾಣಿಸುತ್ತಿರಲಿಲ್ಲ, ಹಲಗಿ ಮಾತ್ರ ಕೇಳಿಸುತ್ತಿತ್ತು. ಸದ್ದು ಮುಂದಿದೆ ಅಂದರೆ ದಾರಿ ಮುಂದಿದೆ ಎಂದೇ ಅರ್ಥ. ಅವರು ನಡೆಯುತ್ತ ಬಂದರು. ಅರ್ಧ ತಾಸಿನ ಹಿಂದೆ ಜನರನ್ನು ಕಾಪಾಡಿದ ಉಪಾಯವೇ ಈಗ ಅವರನ್ನು ಜಾಲರಿಗೆ ಒತ್ತುತ್ತಿತ್ತು. ನಿಂತ ಗುಂಪಿನ ತಲೆಯಲ್ಲಿ ಹಲಗಿ ಇಡುವುದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. 1964ರ ಮೇ 24ರಂದು ಪೆರು ದೇಶದ ಲೀಮಾದಲ್ಲಿ ಪೆರು–ಅರ್ಜೆಂಟೀನಾ ಪಂದ್ಯದ ದಿನ 300ಕ್ಕೂ ಹೆಚ್ಚು ಜನ ಸತ್ತದ್ದರಲ್ಲಿ ಬಹುಪಾಲು ಮೆಟ್ಟಿಲುಗಳ ಕೆಳಗೆ, ಮುಚ್ಚಿದ ಉಕ್ಕಿನ ಬಾಗಿಲುಗಳ ಮುಂದೆ. ಅಲ್ಲಿಯೂ ಹಿಂದಿದ್ದವರಿಗೆ ಬಾಗಿಲು ಮುಚ್ಚಿದ್ದು ಕಂಡಿರಲಿಲ್ಲ.

ಚದರ ಮೀಟರಿಗೆ ನಾಲ್ಕು ಜನರ ತನಕ ಮನುಷ್ಯ ತನ್ನ ಹೆಜ್ಜೆ ತಾನು ಇಡಬಲ್ಲ. ಐದು ದಾಟಿದರೆ ಇಡಲಾಗುವುದಿಲ್ಲ. ಏಳಕ್ಕೆ ಹೋದರೆ ಗುಂಪು ನೀರಿನ ಹಾಗೆ ಅಲೆಯೇಳುತ್ತದೆ, ಯಾರ ಬಲವೂ ನಡೆಯುವುದಿಲ್ಲ. ಸಾವು ಬರುವುದು ಬಹುತೇಕ ತುಳಿತದಿಂದ ಅಲ್ಲ, ನಿಂತಲ್ಲೇ ಎದೆ ಒತ್ತಿ ಉಸಿರು ಕಟ್ಟುವುದರಿಂದ. ಎಣಿಸುತ್ತ ಕೂಡಲಾಗದ ಹೊತ್ತಿಗೆ ಗುರುತುಗಳು ಮೂರು: ಮುಂದಿನವರು ಎದೆಯ ಮುಂದೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ, ತಲೆಗಳು ಒಟ್ಟಾಗಿ ಆ ಕಡೆ ಈ ಕಡೆ ತೂಗುತ್ತವೆ, ಮಕ್ಕಳನ್ನು ತಲೆಯ ಮೇಲೆ ಎತ್ತುತ್ತಾರೆ.

ಸ್ವಯಂಸೇವಕರಲ್ಲಿ ಒಬ್ಬರು ನಿವೃತ್ತ ವ್ಯಾಯಾಮ ಶಿಕ್ಷಕರು. ಸಿಮೆಂಟ್ ಬೆಂಚಿನ ಮೇಲೆ ನಿಂತಿದ್ದ ಅವರಿಗೆ ಈ ಮೂರೂ ಕಂಡವು. ಮುಂದೆ ನಿಂತವರಿಗೆ ‘ಹಿಂದೆ ಸರೀರಿ’ ಎಂದು ಕೂಗುವುದು ಎಲ್ಲರಿಗೂ ಮೊದಲು ಹೊಳೆಯುವುದು. ಅದು ಕೆಲಸಕ್ಕೆ ಬಾರದ್ದು. ಸರಿಯಲಾರದೆ ನಿಂತವರೇ ಅವರು. ಒತ್ತಡ ಹುಟ್ಟುವುದು ಹಿಂದೆ, ತೆಗೆಯಬೇಕಾದದ್ದೂ ಹಿಂದಿನಿಂದಲೇ. ಹಿಂದಿನವರನ್ನು ತಿರುಗಿಸಲು ಇನ್ನೊಂದು ಹಲಗಿ ಬೇಕು. ಏಳೂ ಹಲಗಿ ಗೇಟಿಗೆ ಸಿಕ್ಕಿಬಿದ್ದಿದ್ದವು.

ಆಗ್ನೇಯ ಮೂಲೆಯಲ್ಲಿ ಹೊರಗಿನ ತಂಡದ ಅರವತ್ತು ಬೆಂಬಲಿಗರು ಮುಖ ಇಳಿಬಿಟ್ಟು ಕೂತಿದ್ದರು. ಅವರ ಬಳಿ ಎರಡು ಹಲಗಿ ಇದ್ದವು. ಶಿಕ್ಷಕರು ಓಡಿ ಹೋಗಿ ಹೇಳಿದ್ದು ಎರಡೇ ಮಾತು: “ಮಂದಿ ಸಾಯ್ತಾರ್ರೀ. ನಡುಮೈದಾನಕ್ಕ ಬಂದು ಬಾರಸ್ರಿ.” ಆ ಹುಡುಗರು ಏನು, ಎತ್ತ ಎಂದು ಕೇಳಲಿಲ್ಲ. ಸೆಂಟರ್ ಸರ್ಕಲ್ಲಿನಲ್ಲಿ ನಿಂತು ಶುರು ಮಾಡಿದರು. ಆರು ಗೋಲು ತಿಂದವರು ಕುಣಿತದ ಗತ್ತು ಬಾರಿಸುತ್ತಿರುವುದು ಕೇಳಿ ಗುಂಪಿನ ಬಾಲದವರು ತಿರುಗಿದರು. ಮೊದಲು ನಗು, ಆಮೇಲೆ ಓಟ. ಕೊನೆಯ ನಾಲ್ಕೈದು ಸಾಲು ಕಳಚಿತು, ಅದರ ಹಿಂದೆ ಮತ್ತೆ ನಾಲ್ಕು. ಎರಡು ನಿಮಿಷದಲ್ಲಿ ಗೇಟಿನ ಮುಂದಿನ ತಲೆಗಳ ತೂಗಾಟ ನಿಂತಿತು.

ಅಷ್ಟರಲ್ಲಿ ಒಬ್ಬ ಕಾನ್‌ಸ್ಟೇಬಲ್ ಗೆರೆ ಹಾಕುವ ಗೂಟ ನೆಡಲು ಇಟ್ಟಿದ್ದ ಕಬ್ಬಿಣದ ಹಾರಿಯನ್ನು ತಂದು ಕೀಲಿ ಮೀಟಿದ್ದ. ಆದರೂ ಗೇಟು ತೆರೆಯಲಿಲ್ಲ, ಅದು ಒಳಮುಖವಾಗಿ ತೆರೆಯುವ ಗೇಟು. ಬಾಗಿಲಿನ ಬೀಸಿಗೆ ಒಂದೂವರೆ ಮೀಟರ್ ಜಾಗ ಬೇಕಿತ್ತು. ಹಿಂದಿನವರು ಸರಿದಿದ್ದರಿಂದಲೇ ಆ ಜಾಗ ಸಿಕ್ಕಿತು. ಜವಾನ ಸರಿಯಾದ ಹೊತ್ತಿಗೆ ಕೀಲಿಕೈ ತಂದಿದ್ದರೂ ಜನ ಒತ್ತಿ ನಿಂತಿದ್ದ ತನಕ ಏನೂ ಆಗುತ್ತಿರಲಿಲ್ಲ. ಆಮೇಲಿನ ಚರ್ಚೆಯಲ್ಲೆಲ್ಲ ಬೈಗುಳ ಬಿದ್ದದ್ದು ಜವಾನನಿಗೆ. ಹದಿನೈದು ವರ್ಷದಿಂದ ಒಳಕ್ಕೆ ತೆರೆಯುತ್ತಿರುವ ಗೇಟಿನ ಬಗ್ಗೆ ಮಾತಾಡಿದವರು ಇಬ್ಬರೇ.

ಗೋಲುಗಂಬ

ಪೂರ್ವದಲ್ಲಿ ಇದು ನಡೆಯುವಾಗ ಉತ್ತರದಲ್ಲಿ ಹತ್ತು ಹನ್ನೆರಡು ಹುಡುಗರು ಗೋಲಿನ ಅಡ್ಡಪಟ್ಟಿಗೆ ಜೋತುಬಿದ್ದಿದ್ದರು. ಗೋಲಿನ ಅಳತೆ ಎಲ್ಲೆಡೆಯಂತೆ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಮೂರಿಂಚಿನ ಜಿಐ ಪೈಪು ಮೀಟರಿಗೆ ಎಂಟು ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ. ಅಡ್ಡಪಟ್ಟಿ ಒಂದೇ ಅರವತ್ತು ಕೆ.ಜಿ. ಸಮೀಪ. ಅದು ತಲೆಯ ಮೇಲೆ ಬಿದ್ದರೆ ಮಾತಿಲ್ಲ.

ಗಂಬ ನೆಟ್ಟದ್ದು ಎರಡು ವರ್ಷದ ಹಿಂದೆ, ಒಂದೂವರೆ ಅಡಿ ಆಳದ ಕಾಂಕ್ರೀಟಿನಲ್ಲಿ. ಕೆಂಪು ನೆಲದಲ್ಲಾಗಿದ್ದರೆ ತಡೆದುಕೊಳ್ಳುತ್ತಿತ್ತೇನೋ. ಇದು ಎರೆನೆಲ. ಮಳೆಗಾಲದಲ್ಲಿ ಉಬ್ಬುತ್ತದೆ, ಸಂಕ್ರಾಂತಿ ದಾಟಿದರೆ ಒಣಗಿ ಬಿರಿಯುತ್ತದೆ. ಫೆಬ್ರುವರಿ ಕೊನೆಗೆ ಕಾಂಕ್ರೀಟು ಮತ್ತು ಮಣ್ಣಿನ ನಡುವೆ ಹೆಬ್ಬೆರಳು ತೂರುವಷ್ಟು ಸಂದು ಬಿದ್ದಿತ್ತು. ಹುಡುಗರ ಭಾರಕ್ಕೆ ಗಂಬ ಕಾಂಕ್ರೀಟಿನ ಗಡ್ಡೆ ಸಮೇತ ಮುಂದಕ್ಕೆ ವಾಲಿತು. ಉಳಿದವರು ಜಿಗಿದರು, ಹದಿನಾಲ್ಕರ ಹುಡುಗನೊಬ್ಬ ಅಂಗೈ ಊರಿ ಬಿದ್ದ. ಮಣಿಕಟ್ಟು ಮುರಿಯಿತು.

ಪ್ರಥಮ ಚಿಕಿತ್ಸೆ ಮಾತ್ರ ಆ ಸಂಜೆ ಅಚ್ಚುಕಟ್ಟಾಗಿ ನಡೆದ ಕೆಲಸ. ನರ್ಸಿಂಗ್ ಓದುತ್ತಿದ್ದ ಇಬ್ಬರು ಕೈ ಎಳೆಯಲಿಲ್ಲ, ತಿಕ್ಕಲಿಲ್ಲ. ಬಾವು ಏರುವ ಮುಂಚೆ ಮಣಿಕಟ್ಟಿನ ದಾರ, ಬೆರಳಿನ ಉಂಗುರ ಕತ್ತರಿಸಿ ತೆಗೆದರು. ನೀರಿನ ಬಾಟಲಿಯ ರಟ್ಟಿನ ಡಬ್ಬಿ ಹರಿದು, ಮೊಣಕೈ ಹತ್ತಿರದಿಂದ ಬೆರಳಿನ ಬುಡದ ತನಕ ಆಸರೆ ಇಟ್ಟು, ಹಳೆ ಓಢಣಿಯಲ್ಲಿ ಕಟ್ಟಿ ಕೊರಳಿಗೆ ಜೋಳಿಗೆ ಹಾಕಿದರು. ಉಗುರು ಒತ್ತಿ ಬಿಟ್ಟು ಬಣ್ಣ ಮರಳುತ್ತದೆಯೇ, ಬೆರಳಿಗೆ ಸ್ಪರ್ಶ ಗೊತ್ತಾಗುತ್ತದೆಯೇ ಎಂದು ಎರಡು ಸಲ ನೋಡಿದರು. ಕಣ್ಣಿಗೆ ಗುಲಾಲು ಬಿದ್ದ ನಾಲ್ವರಿಗೆ ಉಜ್ಜಲು ಬಿಡದೆ ಹದಿನೈದು ನಿಮಿಷ ನೀರು ಹನಿಸಿದರು.

ಗುಲಾಲಿನ ವಿಷಯಕ್ಕೆ ಒಂದು ಮಾತು. ಆರನೇ ಗೋಲಿಗೆ ಯಾರೋ ಪಟಾಕಿ ಸರ ಹಚ್ಚಿ ಬಲೆಯ ಮೂಲೆ ಸುಟ್ಟಿತ್ತು. ಮರಳಿನ ಬಕೀಟು ಹತ್ತಿರವಿದ್ದುದರಿಂದ ಅಲ್ಲಿಗೇ ಮುಗಿಯಿತು. ಅದೇ ಜಾಗದಲ್ಲಿ ಗುಲಾಲು ಎರಚುತ್ತಿದ್ದರು. ಪಿಷ್ಟದಿಂದ ಮಾಡಿದ ಬಣ್ಣದ ಪುಡಿ ಗಾಳಿಯಲ್ಲಿ ದಟ್ಟವಾದರೆ ಒಂದು ಕಿಡಿ ಸಾಕು. ತೈವಾನಿನ ನೀರಾಟದ ಪಾರ್ಕೊಂದರಲ್ಲಿ 2015ರ ಜೂನ್ 27ರಂದು ಹಾಗೆಯೇ ಬೆಂಕಿ ಹೊತ್ತಿ 15 ಜನ ತೀರಿಕೊಂಡರು. ಗುಲಾಲಿದ್ದಲ್ಲಿ ಪಟಾಕಿ ಬೇಡ, ಪಟಾಕಿ ಬೇಕೆಂದರೆ ಗುಲಾಲು ಬೇಡ.

ಹೊರಗಿನವರ ಬಸ್ಸು

ಸೀಟಿ ಬಿದ್ದ ಕೂಡಲೇ ಹೊರಗಿನ ತಂಡವನ್ನು ಮೊದಲು ಕಳಿಸುವುದು ಯೋಜನೆಯಲ್ಲಿತ್ತು. ಬಸ್ಸು ಶಾಲೆಯ ಗೋಡೆಗೆ ಮೂತಿ ಮಾಡಿ ನಿಂತಿತ್ತು. ಜನರ ನಡುವೆ ಹಿಂದಕ್ಕೆ ತೆಗೆಯಲು ಡ್ರೈವರ್ ಒಪ್ಪಲಿಲ್ಲ, ಒಪ್ಪದಿದ್ದುದೇ ಒಳ್ಳೆಯದಾಯಿತು. ನಲವತ್ತು ನಿಮಿಷ ಕಾಯಬೇಕಾಯಿತು. ಎರಡು ನೀರಿನ ಪಾಕೀಟು ಬಿದ್ದವು, ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ನಡುಮೈದಾನದಲ್ಲಿ ಹಲಗಿ ಬಾರಿಸಿದವರು ಇವರೇ ಎಂದು ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಭಜಿ ಬಂಡಿಯವನು ಉಳಿದದ್ದನ್ನೆಲ್ಲ ಕಾಗದದಲ್ಲಿ ಕಟ್ಟಿ ಬಸ್ಸಿನೊಳಗೆ ಕೊಟ್ಟ. ಬಸ್ಸು ಬಂದಾಗಲೇ ಮೂತಿ ರಸ್ತೆಗಿರುವಂತೆ ನಿಲ್ಲಿಸಿದ್ದರೆ ಇದರ ಅಗತ್ಯವೇ ಬರುತ್ತಿರಲಿಲ್ಲ.

ಏನು ಬದಲಾಯಿತು

ವಾರದ ಮೇಲೆ ಸಭೆ ಸೇರಿತು. ಮೊದಲ ಠರಾವಾಗಿ ಬಂದದ್ದು ಹಲಗಿ ನಿಷೇಧ. ಗೇಟಿಗೆ ಜನರನ್ನು ಒಯ್ದದ್ದು ಹಲಗಿಯೇ ತಾನೇ ಎಂಬ ವಾದ. ಹಾಗೆ ನೋಡಿದರೆ ಹಗ್ಗ, ಗೇಟು, ಶಾಲು ಎಲ್ಲವನ್ನೂ ನಿಷೇಧಿಸಬೇಕು. ಠರಾವು ಬಿತ್ತು. ಬಂದೋಬಸ್ತಿಗಿದ್ದ ಪೊಲೀಸ್ ಅಧಿಕಾರಿ ಎತ್ತಿದ ಆಕ್ಷೇಪಣೆ ಮಾತ್ರ ತೂಕದ್ದು: ಗೆಲುವಿನ ನಶೆಯಲ್ಲಿರುವ ಹಲಗಿಯವರನ್ನು ನಂಬಿ ಜನರನ್ನು ನಡೆಸುವುದು ಹೇಗೆ? ಅದಕ್ಕೆ ಸಿಕ್ಕ ಉತ್ತರ, ಏಳರಲ್ಲಿ ಇಬ್ಬರನ್ನು ಬೇರೆ ಮಾಡುವುದು. ಈ ಇಬ್ಬರು ಹಸಿರು ಜಾಕೀಟು ಹಾಕಿ ಆಟದುದ್ದಕ್ಕೂ ಸುಮ್ಮನೆ ಕೂಡಬೇಕು, ಗುಂಪಿನ ಜೊತೆ ಬಾರಿಸುವಂತಿಲ್ಲ. ಗೇಟು ತೆರೆದದ್ದನ್ನು ಕಣ್ಣಾರೆ ಕಂಡು, ಗೇಟಿನ ಆಚೆ ಮೂವತ್ತು ಮೀಟರ್ ದೂರ ಹೋಗಿ ನಿಂತ ಮೇಲಷ್ಟೇ ಕೈ ಎತ್ತಬೇಕು. ಉಳಿದ ಐವರು ಜನರ ನಡುವೆ ಇರಬಹುದು, ಆದರೆ ಎಲ್ಲರಿಗಿಂತ ಮುಂದೆ ನಡೆಯುವಂತಿಲ್ಲ.

ಪೂರ್ವದ ಗೇಟಿನ ತಿರುಗಣಿ ಕತ್ತರಿಸಿ ಹೊರಮುಖವಾಗಿ ಬೆಸುಗೆ ಹಾಕಿಸಿದರು. ಪಂದ್ಯದ ದಿನ ಕೀಲಿ ಇಲ್ಲ. ಒಳಗಿನಿಂದ ಎತ್ತುವ ಚಿಲಕ, ಬಳಿ ಇಬ್ಬರು ಕಾವಲು. ಭಜಿ ಬಂಡಿ ರಸ್ತೆಯಾಚೆಗೆ ಹೋಯಿತು, ಮೊದಲ ದಿನ ಜಗಳ ಮಾಡಿಯೇ ಹೋಯಿತು. ಗೋಲುಗಂಬದ ಗುಂಡಿಯನ್ನು ಬಿರುಕು ಇಳಿಯದ ಆಳದ ತನಕ ತೋಡಿ, ಕಾಂಕ್ರೀಟಿನ ಸುತ್ತ ಎರೆಮಣ್ಣಿನ ಬದಲು ಗರಸು ತುಂಬಿ, ನೀರು ಹೊಡೆದು ಪದರ ಪದರವಾಗಿ ದಮ್ಮಸು ಮಾಡಿದರು. ಪಂದ್ಯದ ಬೆಳಿಗ್ಗೆ ಇಬ್ಬರು ಅಡ್ಡಪಟ್ಟಿ ಹಿಡಿದು ಜಗ್ಗಿ ನೋಡುವುದು ಈಗ ಪಟ್ಟಿಯಲ್ಲಿದೆ. ಗೆದ್ದರೆ ಆಟಗಾರರೇ ಉತ್ತರದ ಕಟಾಂಜನದ ತನಕ ನಡೆದು ಹೋಗಿ ಜನರೊಂದಿಗೆ ಚಪ್ಪಾಳೆ ತಟ್ಟುತ್ತಾರೆ. ಜನ ಅವರ ಬಳಿ ಓಡಿಬರುವ ಕಾರಣವೇ ಇರುವುದಿಲ್ಲ. ಸ್ವಯಂಸೇವಕರ ಚೀಟಿಯಲ್ಲಿ 85ನೇ ನಿಮಿಷ ಎಂದಿದ್ದ ಜಾಗದಲ್ಲಿ ಈಗ ಪ್ರತಿ ಪಂದ್ಯಕ್ಕೂ ಬೇರೆ ಬರಹ: ‘ಇಂಥ ಗೋಲು ಬಿದ್ದ ಕೂಡಲೇ, ಇಲ್ಲವೇ 75, ಯಾವುದು ಮೊದಲೋ ಅದು.’ ಸನ್ಮಾನ ವಿರಾಮದ ಹೊತ್ತಿಗೆ, ಐದೇ ಶಾಲು. ಇದೊಂದು ಎಷ್ಟು ದಿನ ನಡೆಯುತ್ತದೋ ನೋಡಬೇಕು.

ಇದೆಲ್ಲ ಆದ ಮೇಲೆ ಅದೇ ಮೈದಾನದಲ್ಲಿ ನಡೆದ ಮೊದಲ ಪಂದ್ಯ ಒಂದೂ ಗೋಲಿಲ್ಲದೆ ಮುಗಿಯಿತು. 75ಕ್ಕೆ ಸ್ವಯಂಸೇವಕರು ಜಾಗ ಹಿಡಿದರು, ಪೂರ್ವದ ಗೇಟು ತೆರೆಯಿತು, ಹಸಿರು ಜಾಕೀಟಿನ ಇಬ್ಬರು ಆಚೆ ಹೋಗಿ ನಿಂತರು. ಸೀಟಿ ಬಿತ್ತು. 0–0ಕ್ಕೆ ಬಾರಿಸಬೇಕೋ ಬೇಡವೋ ಎಂದು ಚೀಟಿಯಲ್ಲಿ ಬರೆದಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೆಲ್ಲಗೆ, ಮದುವೆ ಮನೆಯಿಂದ ಬೀಗರನ್ನು ಕಳಿಸುವಾಗಿನ ಗತ್ತು ಹಿಡಿದರು. ಜನ ಗೊಣಗುತ್ತಲೇ ಆ ಕಡೆ ನಡೆದರು. ಆ ದಿನ ಸಿಕ್ಕ ಚಪ್ಪಲಿ ಎರಡು, ಒಂದೇ ಜೋಡಿಯವು.